‘ಕೈಸನ್ನೆ ಮಾಡುವವರ ಜೊತೆ ದೆಹಲಿಗೆ ಹೋಗ್ತೀನಿ ಅಂತಾನೆ ಮಗ, ಕಳಿಸಲಾ?’

ಓದುಗರ ಪ್ರಶ್ನೆ:

ನಮಸ್ಕಾರ. ನಾವು ಬೆಂಗಳೂರಿನ ನಾಗರಬಾವಿಯಲ್ಲಿದ್ದೇವೆ. ನನ್ನದು ಪ್ರಾವಿಷನ್ ಸ್ಟೋರ್. ಮಗನಿಗೆ 20 ವರ್ಷ, ಬಿ.ಕಾಂ ಎರಡನೇ ವರ್ಷ. ಹುಟ್ಟಿನಿಂದಲೇ ಎರಡೂ ಕಿವಿ ಕೇಳಿಸುವುದಿಲ್ಲ. ಮೂರು ವರ್ಷಕ್ಕೆ ಮಿಷನ್ ಹಾಕಿಸಿದೆವು. ಹತ್ತು ವರ್ಷ ನನ್ನ ಹೆಂಡತಿ ಅವನನ್ನು ಬಸ್ಸಿನಲ್ಲಿ ಸ್ಪೀಚ್ ಥೆರಪಿಗೆ ಕರೆದುಕೊಂಡು ಓಡಾಡಿದಳು. ‘ಕೈಸನ್ನೆ ಮಾಡಬೇಡಿ, ಮಾಡಿದರೆ ಮಾತು ಬರುವುದಿಲ್ಲ’ ಎಂದಿದ್ದರು. ಹಾಗೇ ಬೆಳೆಸಿದೆವು. ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ. ಮನೆಯವರಿಗೆ ತಿಳಿಯುವಷ್ಟು ಮಾತಾಡುತ್ತಾನೆ. ಆದರೆ ಮೆಸೇಜ್ ಮಾಡಿದರೆ ‘ಅಪ್ಪ ನಾಳೆ ಕಾಲೇಜು ರಜ ನಾನು ಅಂಗಡಿ ಕೂತು’ ಅಂತ ಬರೆಯುತ್ತಾನೆ. ಓದಿದರೆ ಬೇಜಾರಾಗುತ್ತದೆ.

ಒಂದು ವರ್ಷದಿಂದ ಭಾನುವಾರ ಕಬ್ಬನ್ ಪಾರ್ಕಿಗೆ ಹೋಗಿ ಕಿವಿ ಕೇಳದ ಹುಡುಗರ ಜೊತೆ ಸೇರುತ್ತಾನೆ. ಈಗ ಮನೆಯಲ್ಲೂ ಕೈ ಆಡಿಸುತ್ತಾನೆ, ಬಾಯಿಂದ ಮಾತು ಕಡಿಮೆಯಾಗಿದೆ. ಸೆಪ್ಟೆಂಬರಿನಲ್ಲಿ ದೆಹಲಿಗೆ ಹೋಗಿ ‘ನಮ್ಮ ಭಾಷೆಗೆ ಮಾನ್ಯತೆ ಕೊಡಿ’ ಅಂತ ಕೇಳಬೇಕಂತೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಹುಡುಗ. ಪೊಲೀಸ್ ಕೇಸ್ ಆದರೆ ಏನು ಗತಿ? ಇನ್ನೊಂದು ವಿಷಯ. ಮಗಳಿಗೆ ಗಂಡು ನಿಶ್ಚಯವಾಗಿದೆ. ಹುಡುಗನ ಕಡೆಯವರು ಬಂದಾಗ ‘ಕೈ ಆಡಿಸಬೇಡ, ಸುಮ್ನೆ ಕೂತ್ಕೋ’ ಎಂದೆ. ಎದ್ದು ಹೋದ. ಎರಡು ವಾರದಿಂದ ನನ್ನ ಹತ್ತಿರ ಮಾತಿಲ್ಲ. ನಾನು ತಪ್ಪು ಮಾಡಿದೆನಾ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ದೆಹಲಿಯ ವಿಷಯ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಕೊನೆಯ ಮೂರು ಸಾಲು ಅಂತ ನನಗನಿಸಿತು. ಹತ್ತು ವರ್ಷ ಗಂಡ ಹೆಂಡತಿ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಾ, ಮಗ ಕೈತಪ್ಪಿ ಹೋಗುತ್ತಿದ್ದಾನಾ ಎನ್ನುವ ಭಯ ಅದು. ನಾನು ಇಪ್ಪತ್ತೆರಡು ವರ್ಷದಿಂದ ಬೆಂಗಳೂರಿನಲ್ಲಿ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಆಗಿ, ಅಂದರೆ ಬಾಯಿಮಾತನ್ನು ಸನ್ನೆಗೆ, ಸನ್ನೆಯನ್ನು ಬಾಯಿಮಾತಿಗೆ ತಿರುಗಿಸಿ ಹೇಳುವ ಕೆಲಸ ಮಾಡುತ್ತಿದ್ದೇನೆ. ಇದೇ ಭಯವನ್ನು ಬೇರೆ ಬೇರೆ ಬಾಯಲ್ಲಿ ನೂರಾರು ಸಲ ಕೇಳಿದ್ದೇನೆ. ನನ್ನ ಅಪ್ಪ, ಅಮ್ಮ ಇಬ್ಬರೂ ಕಿವುಡರು. ನಮ್ಮ ಮನೆಯಲ್ಲಿ ಕರೆಗಂಟೆ ಒತ್ತಿದರೆ ಹಾಲ್‌ನಲ್ಲಿ ಬಲ್ಬು ಹತ್ತುತ್ತಿತ್ತು. ಅಮ್ಮನನ್ನು ಕರೆಯಬೇಕಾದರೆ ಕಾಲಿನಿಂದ ನೆಲ ತಟ್ಟುತ್ತಿದ್ದೆ. ನಾನು ಮೊದಲು ಕಲಿತದ್ದು ಕೈಯ ಭಾಷೆ. ಕನ್ನಡ ಕಲಿತದ್ದು ಅಜ್ಜಿಯಿಂದ.

ಮೊದಲೇ ಒಂದು ಮಾತು. ನಾನು ‘ಕಿವುಡ’ ಎಂದೇ ಬರೆಯುತ್ತೇನೆ. ನನ್ನ ಅಪ್ಪ ಅಮ್ಮನೂ, ನಿಮ್ಮ ಮಗ ಪಾರ್ಕಿನಲ್ಲಿ ಭೇಟಿಯಾಗುವಂಥ ಗೆಳೆಯರೂ ತಮ್ಮನ್ನು ಹಾಗೇ ಹೇಳಿಕೊಳ್ಳುತ್ತಾರೆ. ಅದರಲ್ಲಿ ಅವಮಾನ ಇಲ್ಲ. ‘ಮೂಗ’ ಅಂದರೆ ಮಾತ್ರ ನೋವಾಗುತ್ತದೆ. ಭಾಷೆ ಇರುವವರನ್ನು ಭಾಷೆ ಇಲ್ಲದವರು ಅಂದ ಹಾಗೆ ಅದು.

ದೆಹಲಿಗೆ ಕಳಿಸಿ. ಒಂದಷ್ಟು ತಯಾರಿ ಮಾಡಿ ಕಳಿಸಿ. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಮಾತಿನ ವಿಷಯ.

ಸನ್ನೆ ಕಲಿತರೆ ಮಾತು ಹೋಗುತ್ತದೆ ಎನ್ನುವುದು ನಿಜವಲ್ಲ. ಒಂದು ಭಾಷೆ ಬಂದರೆ ಇನ್ನೊಂದು ಓಡಿಹೋಗುವುದಿಲ್ಲ. ಬೆಂಗಳೂರಿನಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೆಲಸದಲ್ಲಿ ಇಂಗ್ಲಿಷ್ ಆಡುವವರು ಎಷ್ಟು ಜನ ಇಲ್ಲ? ಆದರೆ ಒಂದು ಅಪಾಯ ಇರುವುದು ನಿಜ, ಅದನ್ನೂ ಮುಚ್ಚಿಡುವುದಿಲ್ಲ. ತನ್ನ ದನಿ ತನಗೇ ಸರಿಯಾಗಿ ಕೇಳದವನು ಮಾತಾಡುವುದನ್ನು ಪೂರ್ತಿ ಬಿಟ್ಟರೆ ಉಚ್ಚಾರ ಮಸುಕಾಗುತ್ತದೆ. ಮಿಷನ್‌ನಿಂದ ಉಪಯೋಗ ಇದ್ದರೆ ಹಾಕಿಕೊಳ್ಳಲಿ. ಅಂಗಡಿಯಲ್ಲಿ ಕೂತಾಗ ಗಿರಾಕಿಗಳ ಜೊತೆ ಮಾತಾಡಲಿ. ಎರಡೂ ಉಳಿಯುತ್ತವೆ.

ಹಾಗಿದ್ದರೆ ಥೆರಪಿಯವರು ಯಾಕೆ ಹಾಗೆ ಹೇಳಿದರು? ಅವರನ್ನು ಬೈಯಬೇಡಿ. ಅವರಿಗೂ ಹಾಗೇ ಕಲಿಸಿದ್ದರು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಒಂದು ಸಮ್ಮೇಳನ ನಡೆಯಿತು. ಪಾಠವನ್ನು ಬಾಯಿಮಾತಿನಲ್ಲೇ ಮಾಡಬೇಕು, ಸನ್ನೆ ಬೇಡ ಎಂದು ಅಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವರಲ್ಲಿ ಕಿವುಡರು ಇದ್ದದ್ದೇ ಕಡಿಮೆ. ಅದು ಜಗತ್ತಿಗೆಲ್ಲ ಹಬ್ಬಿತು. ನನ್ನ ಅಮ್ಮ ಓದಿದ ಶಾಲೆಯಲ್ಲಿ ಕೈ ಆಡಿಸಿದರೆ ಸ್ಕೇಲಿನ ಏಟು ಬೀಳುತ್ತಿತ್ತು. ಹುಡುಗಿಯರು ಡೆಸ್ಕಿನ ಕೆಳಗೆ, ಲಂಗದ ಮರೆಯಲ್ಲಿ ಮಾತಾಡಿಕೊಳ್ಳುತ್ತಿದ್ದರಂತೆ. ಅಮ್ಮ ಮುದುಕಿಯಾದ ಮೇಲೂ ಹೊಸಬರ ಎದುರು ಕೈಯನ್ನು ಎದೆಯಿಂದ ಕೆಳಗೇ ಇಟ್ಟುಕೊಂಡು ಸನ್ನೆ ಮಾಡುತ್ತಿದ್ದಳು. ಮಿಲಾನ್‌ನ ತೀರ್ಮಾನವನ್ನು ಅದೇ ಸಮ್ಮೇಳನದ ಮುಂದಿನ ಪೀಳಿಗೆಯವರು ಕೈಬಿಟ್ಟದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. 130 ವರ್ಷ ಬೇಕಾಯಿತು! ನಿಮ್ಮ ಮಗನ ಥೆರಪಿ ಶುರುವಾದಾಗ ಆ ಹಳೆಯ ನಂಬಿಕೆ ಇನ್ನೂ ಗಟ್ಟಿಯಾಗಿಯೇ ಇತ್ತು. ನೀವು ನಿಮಗೆ ತಿಳಿದದ್ದನ್ನು ಪ್ರೀತಿಯಿಂದ ಮಾಡಿದಿರಿ, ಅಷ್ಟೇ.

ಈಗ ತುಟಿ ಓದುವುದರ ಬಗ್ಗೆ. ಒಂದು ಸಣ್ಣ ಪ್ರಯೋಗ ಮಾಡಿ. ಕನ್ನಡಿ ಮುಂದೆ ನಿಂತು, ದನಿ ಹೊರಡಿಸದೆ, ಬರೀ ತುಟಿಯಲ್ಲಿ ಮೂರು ಪದ ಹೇಳಿ. ಪಾಡು, ಬಾಡು, ಮಾಡು. ಮೂರೂ ಒಂದೇ ಥರ ಕಾಣುತ್ತವೆ, ಅಲ್ವಾ? ಪ, ಬ, ಮ ಮೂರಕ್ಕೂ ತುಟಿ ಮುಚ್ಚಿ ತೆರೆಯುತ್ತದೆ. ವ್ಯತ್ಯಾಸ ಇರುವುದು ಗಂಟಲಲ್ಲಿ, ಮೂಗಿನಲ್ಲಿ. ಕ, ಗ ಅಂತೂ ಒಳಗೇ ಹುಟ್ಟಿ ಒಳಗೇ ಮುಗಿಯುತ್ತವೆ. ಉಳಿದದ್ದನ್ನು ಊಹೆಯಿಂದ ತುಂಬಿಕೊಳ್ಳಬೇಕು. ಎದುರಿನವರಿಗೆ ದಪ್ಪ ಮೀಸೆ ಇದ್ದರೆ, ಬೆಳಕು ಅವರ ಬೆನ್ನ ಹಿಂದಿದ್ದರೆ, ಎಲೆ ಅಡಿಕೆ ಹಾಕಿಕೊಂಡಿದ್ದರೆ ಆ ಊಹೆಯೂ ಕೈಕೊಡುತ್ತದೆ. ಒಂದು ದಿನದ ಕ್ಲಾಸು ಮುಗಿಸಿ ಬಂದ ಹುಡುಗ ಸಂಜೆ ಬಾಯಿಬಿಡದೆ ಮಲಗಿದರೆ ಅದು ಸಿಟ್ಟಲ್ಲ, ಸುಸ್ತು.

ಕನ್ನಡದಲ್ಲಿ ಇನ್ನೊಂದು ಕಷ್ಟ ಇದೆ. ನಮ್ಮ ಅರ್ಥವೆಲ್ಲ ಪದದ ಬಾಲದಲ್ಲಿರುತ್ತದೆ. ಅಂಗಡಿಗೆ, ಅಂಗಡಿಯಲ್ಲಿ, ಅಂಗಡಿಯಿಂದ. ಕೂತೆ, ಕೂರ್ತೀನಿ, ಕೂರಲಾ. ಆಡುವಾಗ ನಾವು ಆ ಬಾಲವನ್ನು ನುಂಗಿಬಿಡುತ್ತೇವೆ. ತುಟಿಯ ಮೇಲೆ ಅದು ಕಾಣುವುದಿಲ್ಲ. ಕಾಣದ್ದನ್ನು ಅವನು ಎಲ್ಲಿಂದ ಕಲಿಯಬೇಕು? ‘ನಾಳೆ ಕಾಲೇಜು ರಜ ನಾನು ಅಂಗಡಿ ಕೂತು’ ಎನ್ನುವ ಮೆಸೇಜನ್ನು ಇನ್ನೊಂದು ಸಲ ಓದಿ. ಕಾಲ, ಕಾರಣ, ಯಾರು, ಎಲ್ಲಿ, ಏನು, ಎಲ್ಲವೂ ಇದೆ. ಇಲ್ಲದ್ದು ಬಾಲ ಮಾತ್ರ. ಅಪ್ಪನಿಗೆ ರಜ ಕೊಟ್ಟು ತಾನು ಅಂಗಡಿ ನೋಡಿಕೊಳ್ಳುತ್ತೇನೆ ಎಂದು ಹೇಳಿದ್ದಾನೆ ಮಗ. ಸರ್, ಅದನ್ನು ಓದಿ ನನಗೆ ಸಂತೋಷವಾಯಿತು.

ಸನ್ನೆ ಭಾಷೆ ‘ಸುಮ್ನೆ ಕೈ ಆಡಿಸುವುದು’ ಅಂತ ನೀವು ಅಂದುಕೊಂಡಿರಬಹುದು. ಅದಕ್ಕೂ ವ್ಯಾಕರಣ ಇದೆ. ಭಾರತೀಯ ಸನ್ನೆ ಭಾಷೆಯಲ್ಲಿ ಪ್ರಶ್ನೆಯ ಪದ ಕೊನೆಗೆ ಬರುತ್ತದೆ. ನಿನ್ನ, ಹೆಸರು, ಏನು. ‘ಇಲ್ಲ’ ಎನ್ನುವುದೂ ಕೊನೆಗೇ. ಕೇಳಿದರೆ ನಮ್ಮ ಕನ್ನಡದ ಪಕ್ಕದ ಮನೆಯ ಹಾಗಿದೆ. ‘ಕೊಡು’ ಎನ್ನುವ ಸನ್ನೆ ನನ್ನಿಂದ ನಿಮ್ಮ ಕಡೆ ಹೋದರೆ ‘ನಾನು ನಿಮಗೆ ಕೊಡ್ತೀನಿ’, ನಿಮ್ಮಿಂದ ನನ್ನ ಕಡೆ ಬಂದರೆ ‘ನೀವು ನನಗೆ ಕೊಡಿ’. ಹುಬ್ಬು, ಕಣ್ಣು, ತಲೆ ಎಲ್ಲಕ್ಕೂ ಕೆಲಸ ಇದೆ. ಹುಬ್ಬು ಏರಿದರೆ ಅದೇ ವಾಕ್ಯ ಪ್ರಶ್ನೆಯಾಗುತ್ತದೆ. 1970ರ ದಶಕದ ಕೊನೆಯಲ್ಲಿ ಮದನ್ ವಸಿಷ್ಠ ಎನ್ನುವ ಕಿವುಡ ವಿದ್ವಾಂಸರು ತಮ್ಮ ಸಂಗಡಿಗರ ಜೊತೆ ದೆಹಲಿ, ಮುಂಬೈ, ಕೋಲ್ಕತ್ತ ಮತ್ತು ನಮ್ಮ ಬೆಂಗಳೂರಿನ ಕಿವುಡರ ಸನ್ನೆಗಳನ್ನು ಅಧ್ಯಯನ ಮಾಡಿದರು. ಊರಿಂದೂರಿಗೆ ಪದಗಳು ಬೇರೆಯಾದರೂ ಅವೆಲ್ಲ ಒಂದೇ ಭಾಷಾ ಕುಟುಂಬದವು ಎಂದು ತೋರಿಸಿದರು. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇದ್ದ ಹಾಗೆ.

ಇನ್ನು ಒಂದು ವಿಷಯ ಹೇಳಲೇಬೇಕು. ಹೇಳಲು ಸ್ವಲ್ಪ ಸಂಕೋಚ, ಆದರೂ ಹೇಳುತ್ತೇನೆ. ರಾತ್ರಿ ಎಲ್ಲರೂ ಊಟಕ್ಕೆ ಕೂತಿದ್ದೀರಿ. ಮಗಳು ಆಫೀಸಿನದ್ದೇನೋ ಹೇಳುತ್ತಾಳೆ, ಎಲ್ಲರೂ ನಗುತ್ತೀರಿ. ಅವನು ತಟ್ಟೆಯಿಂದ ತಲೆ ಎತ್ತಿ ‘ಏನು?’ ಎನ್ನುತ್ತಾನೆ. ‘ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ.’ ಆ ಆಮೇಲೆ ಬರುವುದೇ ಇಲ್ಲ. ಕಿವುಡ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವವರ ಮನೆಯಲ್ಲಿ. ನಾನು ಕೆಲಸ ಮಾಡಿದ ಹೆಚ್ಚುಕಡಿಮೆ ಎಲ್ಲ ಯುವಕರೂ ಈ ‘ಏನಿಲ್ಲ ಬಿಡು’ ಬಗ್ಗೆ ಹೇಳಿದ್ದಾರೆ. ಬಡತನಕ್ಕಿಂತ, ಜನರ ನೋಟಕ್ಕಿಂತ ಇದು ಜಾಸ್ತಿ ನೋಯಿಸಿತು ಅಂದವರಿದ್ದಾರೆ. ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ನಿಮ್ಮ ಮಗನಿಗೆ ಮೊದಲ ಸಲ ಜೋಕು ಎಲ್ಲರ ಜೊತೆಗೇ, ಅದೇ ಕ್ಷಣದಲ್ಲಿ ಸಿಕ್ಕಿದೆ. ಅವನು ನಿಮ್ಮನ್ನು ಬಿಟ್ಟು ಹೋಗಿಲ್ಲ. ಸಲೀಸಾಗಿ ಮಾತಾಡಬಹುದಾದ ಒಂದು ಜಾಗ ಕಂಡುಕೊಂಡಿದ್ದಾನೆ.

ಈಗ ದೆಹಲಿ. ಅಲ್ಲಿ ಇವರೆಲ್ಲ ಏನು ಕೇಳುತ್ತಾರೆ, ಕೇಳಿದರೆ ಏನಾದರೂ ಸಿಗುತ್ತದಾ?

ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ. ಕಿವುಡರ ವಿಶ್ವ ಒಕ್ಕೂಟ 1951ರಲ್ಲಿ ಹುಟ್ಟಿದ್ದು ಅದೇ ತಾರೀಖಿನಂದು. ನಮ್ಮ ದೇಶದಲ್ಲಿ ಅಖಿಲ ಭಾರತ ಕಿವುಡರ ಒಕ್ಕೂಟ 1955ರಿಂದ ಇದೆ. ನ್ಯಾಷನಲ್ ಅಸೋಸಿಯೇಷನ್ ಆಫ್ ದ ಡೆಫ್ 2005ರಲ್ಲಿ ಶುರುವಾಯಿತು. ಕಿವುಡರಿಗೆ ವಾಹನ ಓಡಿಸಲು ಲೈಸೆನ್ಸ್ ಸಿಗುವುದೇ ಕಷ್ಟವಾಗಿತ್ತು. ಈ ಸಂಘ ದೆಹಲಿ ಹೈಕೋರ್ಟಿಗೆ ಹೋಯಿತು. ಪರೀಕ್ಷೆ ಪಾಸಾದರೆ ಲೈಸೆನ್ಸ್ ಕೊಡಬೇಕು, ಕಿವುಡುತನ ಒಂದೇ ಕಾರಣಕ್ಕೆ ತಡೆಯಬಾರದು ಎನ್ನುವ ದಾರಿ 2011ರಲ್ಲಿ ತೆರೆಯಿತು. ನಿಮ್ಮ ಮಗನಿಗೆ ಸ್ಕೂಟರ್ ಇದೆಯಾ? ಇದ್ದರೆ ಅದರ ಲೈಸೆನ್ಸಿನ ಹಿಂದೆ ಈ ಕಥೆ ಇದೆ.

ಇನ್ನೊಂದು ಕಥೆ ನಾನು ಹತ್ತಿರದಿಂದ ಗಮನಿಸುತ್ತಾ ಬಂದದ್ದು. ಸನ್ನೆ ಭಾಷೆಗೆಂದೇ ಒಂದು ರಾಷ್ಟ್ರೀಯ ಕೇಂದ್ರ ಬೇಕು ಎಂದು ಕಿವುಡರು ವರ್ಷಗಟ್ಟಲೆ ಕೇಳಿದರು. 2011ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಅದು ಶುರುವಾಯಿತು. 2013ರಲ್ಲಿ ಮುಚ್ಚಿತು. ಅದನ್ನು ಬೇರೊಂದು ಸಂಸ್ಥೆಯ ಒಳಗೆ ಸೇರಿಸಿಬಿಡೋಣ ಎಂದಾಗ ಕಿವುಡರು ಒಪ್ಪಲಿಲ್ಲ. ನಮ್ಮ ಭಾಷೆಯ ಕೇಂದ್ರ ಸ್ವತಂತ್ರವಾಗಿರಲಿ ಎಂದು ಬೀದಿಗಿಳಿದರು. ಕೊನೆಗೆ 2015ರ ಸೆಪ್ಟೆಂಬರಿನಲ್ಲಿ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ದೆಹಲಿಯಲ್ಲಿ ಹುಟ್ಟಿತು. 2018ರಲ್ಲಿ 3,000 ಪದಗಳ ಸನ್ನೆ ನಿಘಂಟು ಬಂತು. 2021ರ ಹೊತ್ತಿಗೆ ಅದು 10,000 ದಾಟಿತು. ಪಠ್ಯಪುಸ್ತಕಗಳನ್ನು ಸನ್ನೆ ಭಾಷೆಗೆ ತರಲು 2020ರಲ್ಲಿ ಶಾಲಾ ಪುಸ್ತಕ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಜೊತೆ ಒಪ್ಪಂದವಾಯಿತು. ಬೀದಿಯಲ್ಲಿ ನಿಂತು ಕೇಳದಿದ್ದರೆ ಇಷ್ಟು ಆಗುತ್ತಿತ್ತು ಅಂತ ನನಗನಿಸುವುದಿಲ್ಲ.

ಈಗಿನ ದೊಡ್ಡ ಬೇಡಿಕೆ ಸಂವಿಧಾನದ ಎಂಟನೇ ಪರಿಚ್ಛೇದ. ಅಲ್ಲಿ ಮಾನ್ಯತೆ ಪಡೆದ 22 ಭಾಷೆಗಳ ಪಟ್ಟಿ ಇದೆ. ಸನ್ನೆ ಭಾಷೆ 23ನೆಯದಾಗಲಿ ಎನ್ನುತ್ತಾರೆ. ನ್ಯೂಜಿಲೆಂಡ್ 2006ರಲ್ಲೇ ತನ್ನ ಸನ್ನೆ ಭಾಷೆಯನ್ನು ಅಧಿಕೃತ ಭಾಷೆ ಮಾಡಿತು. ದಕ್ಷಿಣ ಆಫ್ರಿಕಾ 2023ರಲ್ಲಿ ತನ್ನ 12ನೇ ಅಧಿಕೃತ ಭಾಷೆಯಾಗಿ ಸೇರಿಸಿಕೊಂಡಿತು. ನಮ್ಮಲ್ಲಿ ಅದೇ ಬಾಗಿಲ ಮುಂದೆ ತುಳು, ಕೊಡವ ಭಾಷೆಗಳೂ ಕಾಯುತ್ತಾ ನಿಂತಿವೆ. ಹಾಗಾಗಿ ಇದು ಬೇಗ ಆಗುತ್ತದೆ ಅಂತ ನಿಮ್ಮ ಮಗನಿಗೆ ಆಸೆ ಹುಟ್ಟಿಸುವುದಿಲ್ಲ. ಪಟ್ಟಿಗೆ ಸೇರಿದ ಮಾರನೇ ದಿನ ಆಸ್ಪತ್ರೆಯಲ್ಲಿ ಇಂಟರ್‌ಪ್ರಿಟರ್ ಬಂದು ನಿಲ್ಲುವುದೂ ಇಲ್ಲ. ನನಗೆ ಇನ್ನೊಂದು ಕಳವಳವೂ ಇದೆ. ಇಡೀ ದೇಶಕ್ಕೆ ಒಂದೇ ಸನ್ನೆ ಅಂತ ಹೊರಟರೆ ನನ್ನ ಅಮ್ಮ ಆಡುತ್ತಿದ್ದ ಬೆಂಗಳೂರಿನ ಸನ್ನೆಗಳು ಉಳಿಯುತ್ತವಾ? ಆದರೂ ಬೇಡಿಕೆ ನ್ಯಾಯದ್ದು ಎಂದೇ ನಾನು ನಂಬಿದ್ದೇನೆ. ‘ಇದೂ ಒಂದು ಭಾಷೆ’ ಅಂತ ಸರ್ಕಾರ ಒಪ್ಪಿದರೆ, ಮೂರು ವರ್ಷದ ಮಗುವಿನ ತಾಯಿಗೆ ‘ಕೈಸನ್ನೆ ಬೇಡ’ ಎಂದು ಹೇಳುವವರ ಬಾಯಿ ಕಟ್ಟುತ್ತದೆ.

‘ಕಾನೂನು ಇದೆಯಲ್ಲ, ಮತ್ತೇಕೆ ಹೋರಾಟ?’ ಅಂತ ಕೇಳುತ್ತೀರಿ. ಕಾನೂನು ಇದೆ, ಒಳ್ಳೆಯದೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸನ್ನೆ ಭಾಷೆಯನ್ನು ಹೆಸರಿಸಿ ಹೇಳುತ್ತದೆ. ಸರ್ಕಾರಿ ನೌಕರಿಯಲ್ಲಿ ಕನಿಷ್ಠ 4 ಪರ್ಸೆಂಟ್ ಮೀಸಲಾತಿ ಇದೆ, ಅದರಲ್ಲಿ 1 ಪರ್ಸೆಂಟ್ ಕಿವುಡರಿಗೆ ಮತ್ತು ಮಂದ ಕಿವಿಯವರಿಗೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ 5 ಪರ್ಸೆಂಟ್ ಸೀಟು. ಟಿವಿಯಲ್ಲಿ ಸನ್ನೆ ಅಥವಾ ಅಕ್ಷರ ಇರಬೇಕು ಎಂದೂ ಇದೆ. 2011ರ ಜನಗಣತಿಯಲ್ಲಿ ಕೇಳುವ ತೊಂದರೆ ಇರುವವರು ಸುಮಾರು 50 ಲಕ್ಷ ಜನ ಎಂದು ಬರೆಸಿದ್ದಾರೆ. ತರಬೇತಿ ಪಡೆದ ಇಂಟರ್‌ಪ್ರಿಟರ್‌ಗಳನ್ನು ಮಾತ್ರ ಇಂದಿಗೂ ನೂರರ ಲೆಕ್ಕದಲ್ಲೇ ಎಣಿಸಬೇಕು. ಕಾಗದಕ್ಕೂ ಕೌಂಟರಿಗೂ ನಡುವೆ ಇರುವ ದೂರ ಇದು.

ಆ ದೂರ ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಹನ್ನೊಂದನೇ ವಯಸ್ಸಿನಲ್ಲಿ. ಅಮ್ಮನ ಜೊತೆ ಒಂದು ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಚೀಟಿ ಬರೆಯುತ್ತಲೇ ‘ಗರ್ಭಕೋಶ ತೆಗೀಬೇಕು ಅಂತ ಅಮ್ಮಂಗೆ ಹೇಳು ಮರಿ’ ಎಂದರು. ಗರ್ಭಕೋಶ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಹೊಟ್ಟೆ, ಒಳಗೆ, ಕೆಟ್ಟಿದೆ, ಕತ್ತರಿಸಿ ತೆಗೀಬೇಕು ಎಂದು ಕೈಯಲ್ಲಿ ಹೇಳಿದೆ. ಅಮ್ಮ ನನ್ನ ಮುಖ ನೋಡಿದಳು. ಬಸ್ಸಿನಲ್ಲಿ ಕೂತು ನಾನು ಸಾಯ್ತೀನಾ ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ಸಂಜೆ ಅಜ್ಜಿ ಬಂದು ವಿಷಯ ಬಿಡಿಸಿ ಹೇಳುವ ತನಕ ಆಕೆ ತನ್ನ ಸೀರೆಗಳನ್ನು ಮಡಿಸಿ ಯಾರ್ಯಾರಿಗೆ ಕೊಡಬೇಕು ಎಂದು ಗುಡ್ಡೆ ಮಾಡುತ್ತಿದ್ದಳು. ನಿಮ್ಮ ಮಗ ದೆಹಲಿಯಲ್ಲಿ ಕೇಳಲು ಹೊರಟಿರುವುದು ಆಸ್ಪತ್ರೆಯಲ್ಲಿ, ಠಾಣೆಯಲ್ಲಿ, ಕೋರ್ಟಿನಲ್ಲಿ ಒಬ್ಬ ತರಬೇತಿ ಪಡೆದ ಇಂಟರ್‌ಪ್ರಿಟರ್ ಇರಲಿ ಎಂದು. ನಾನು ಈ ಕೆಲಸಕ್ಕೆ ಬಂದದ್ದೂ ಅದಕ್ಕೇ.

ಕೋರ್ಟ್ ಅಂದಾಗ ನೆನಪಾಯಿತು. ಸಾರಾ ಸನ್ನಿ ನಮ್ಮ ಬೆಂಗಳೂರಿನ ವಕೀಲೆ, ಕಿವುಡರು. 2023ರ ಸೆಪ್ಟೆಂಬರಿನಲ್ಲಿ ಅವರು ಸುಪ್ರೀಂ ಕೋರ್ಟಿನಲ್ಲಿ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಮೂಲಕ ಕಲಾಪದಲ್ಲಿ ಭಾಗವಹಿಸಿದರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಹಾಗೇ ವಾದ ಮಂಡಿಸಿದರು. ಆ ದಿನ ಕಿವುಡರ ವಾಟ್ಸಾಪ್ ಗುಂಪುಗಳಲ್ಲಿ ಎರಡೂ ಕೈ ಮೇಲೆತ್ತಿ ಬೆರಳು ಅಲುಗಾಡಿಸುವ ವಿಡಿಯೋಗಳೇ ತುಂಬಿದ್ದವು. ಅದು ಅವರ ಚಪ್ಪಾಳೆ.

ಪೊಲೀಸ್ ಕೇಸಿನ ಭಯಕ್ಕೆ ಬರೋಣ. ಆಯುಧವಿಲ್ಲದೆ ಶಾಂತಿಯಿಂದ ಸೇರುವುದು ಸಂವಿಧಾನ ಕೊಟ್ಟ ಹಕ್ಕು. ಅನುಮತಿ ಪಡೆದು ಮಾಡುವ ಸಭೆಗೆ ಹೋದ ಮಾತ್ರಕ್ಕೆ ಬ್ಯಾಂಕ್ ಕೆಲಸ ತಪ್ಪುವುದಿಲ್ಲ. ಅರ್ಜಿ ತುಂಬುವಾಗ, ಪೊಲೀಸ್ ಪರಿಶೀಲನೆ ನಡೆಯುವಾಗ ಲೆಕ್ಕಕ್ಕೆ ಬರುವುದು ಕ್ರಿಮಿನಲ್ ಕೇಸು. ಅನುಮತಿಯ ಪತ್ರ ಇದೆಯಾ, ಯಾರು ನಡೆಸುತ್ತಿದ್ದಾರೆ, ಎಲ್ಲಿ ನಡೆಯುತ್ತದೆ ಎಂದು ಮೊದಲೇ ಕೇಳಿ ನೋಡಿಕೊಳ್ಳಿ. ಕೆಲಸಕ್ಕೆ ಸೇರಿದ ಮೇಲೆ ನಡತೆ ನಿಯಮಗಳಿರುತ್ತವೆ, ಆಗ ಓದಿಕೊಂಡು ನಡೆದರಾಯಿತು.

ನಿಜವಾದ ಅಪಾಯ ಬೇರೆ ಇದೆ. ಗುಂಪು ಚದುರಿಸಿ ಎಂದು ಮೈಕಿನಲ್ಲಿ ಕೂಗಿದರೆ, ಸೀಟಿ ಊದಿದರೆ ಕಿವುಡರಿಗೆ ಕೇಳಿಸುವುದಿಲ್ಲ. ಹಿಂದಿನಿಂದ ಭುಜ ಹಿಡಿದರೆ ಗಾಬರಿಯಿಂದ ಕೊಸರುತ್ತಾರೆ, ಅದನ್ನು ಜಗಳ ಅಂತ ತಿಳಿಯುವವರಿದ್ದಾರೆ. ಕೈ ಆಡಿಸಿ ವಿವರಿಸಲು ಹೋದರೆ ಹೊಡೆಯಲು ಬಂದ ಹಾಗೆ ಕಾಣುತ್ತದೆ. ಅದಕ್ಕೇ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಕೊರಳಲ್ಲಿ ಕಾಣುವ ಹಾಗೆ ಇರಲಿ. ‘ನಾನು ಕಿವುಡ, ದಯವಿಟ್ಟು ಬರೆದು ತೋರಿಸಿ’ ಎಂದು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆದ ಚೀಟಿ ಜೇಬಿನಲ್ಲಿರಲಿ. ತಂಡದಲ್ಲಿ ಕಿವಿ ಕೇಳುವವರೊಬ್ಬರು ಪೂರ್ತಿ ಹೊತ್ತು ಜೊತೆಗಿರಲಿ. ಫೋನ್ ಚಾರ್ಜ್ ಇರಲಿ, ನೀವು ವಿಡಿಯೋ ಕಾಲ್‌ಗೆ ಸಿಗುವ ಹಾಗಿರಿ. ದುಡ್ಡಿನ ವಿಷಯವೂ ಹೇಳಿಬಿಡುತ್ತೇನೆ. ಕಿವುಡರ ಗುಂಪುಗಳಲ್ಲಿ ಸನ್ನೆ ಭಾಷೆಯ ವಿಡಿಯೋ ಹಾಕಿ ‘ದುಡ್ಡು ಡಬಲ್ ಮಾಡ್ತೀವಿ’ ಎನ್ನುವವರು ಬರುತ್ತಾರೆ. ತಮ್ಮ ಭಾಷೆಯಲ್ಲೇ ಹೇಳಿದರಲ್ಲ ಎಂದು ನಂಬಿ ಕಳೆದುಕೊಂಡವರನ್ನು ನಾನು ಠಾಣೆಗೆ ಕರೆದುಕೊಂಡು ಹೋಗಿದ್ದೇನೆ. ದೇಣಿಗೆ ಕೊಟ್ಟರೆ ನೋಂದಾಯಿತ ಸಂಘಕ್ಕೆ, ರಸೀದಿ ಪಡೆದೇ ಕೊಡಲಿ.

‘ಬೇಡ, ಹೋಗಬೇಡ’ ಎಂದು ತಡೆಯುವ ದಾರಿಯೂ ನಿಮ್ಮ ಮುಂದಿದೆ. ಆದರೆ ಅವನಿಗೆ 20 ವರ್ಷ. ತಡೆದರೆ ಹೇಳದೆ ಹೋಗುತ್ತಾನೆ, ಆಗ ಮೇಲೆ ಹೇಳಿದ ಯಾವ ತಯಾರಿಯೂ ಇರುವುದಿಲ್ಲ. ‘ಈ ವರ್ಷ ಬೆಂಗಳೂರಿನಲ್ಲೇ ಸೇರು, ಮುಂದಿನ ವರ್ಷ ದೆಹಲಿ’ ಎಂದು ಒಪ್ಪಿಸುವುದು ನಡುದಾರಿ. ನಮ್ಮಲ್ಲಿ ಧರಣಿಗೆ ಜಾಗ ಫ್ರೀಡಂ ಪಾರ್ಕ್ ಒಂದೇ, ಮೆಟ್ರೋದಲ್ಲಿ ಹೋಗಿಬರಬಹುದು. ಪರೀಕ್ಷೆ ಹತ್ತಿರ ಇದ್ದರೆ ಈ ಮಾತು ಆಡಬಹುದು, ಆದರೆ ಅವನ ಜೊತೆ ಕೂತು ತೀರ್ಮಾನಿಸಿ. ಮೂರನೆಯದು, ನೀವೂ ಜೊತೆಗೆ ಹೋಗುವುದು. ಅಂಗಡಿಗೆ ನಾಲ್ಕು ದಿನ ಬಾಗಿಲು ಹಾಕಬೇಕಾಗುತ್ತದೆ, ನಷ್ಟ ಇದೆ. ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ಸಾವಿರ ಜನ ಕೈಯಲ್ಲೇ ಮಾತಾಡುವ ಜಾಗದಲ್ಲಿ ನೀವೊಬ್ಬರೇ ಅರ್ಥವಾಗದೆ ನಿಂತಿರುತ್ತೀರಿ. ಅವನು ನಿಮಗೆ ಬಿಡಿಸಿ ಹೇಳುತ್ತಾನೆ.

ಬ್ಯಾಂಕ್ ಪರೀಕ್ಷೆಯನ್ನು ಬಿಡುವುದು ಬೇಡ. ಅಂಗವಿಕಲತೆಯ ಪ್ರಮಾಣಪತ್ರ, ಯುಡಿಐಡಿ ಎರಡರಲ್ಲೂ ಹೆಸರು, ಜನ್ಮದಿನ ಅಂಕಪಟ್ಟಿಗೆ ಹೊಂದುತ್ತವಾ ಎಂದು ಈಗಲೇ ನೋಡಿ. ಒಂದಕ್ಷರ ತಪ್ಪಿದ್ದಕ್ಕೆ ಅಲೆದವರಿದ್ದಾರೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ 3 ಗಂಟೆಯ ಪರೀಕ್ಷೆಗೆ ಕನಿಷ್ಠ 1 ಗಂಟೆ ಹೆಚ್ಚುವರಿ ಸಮಯ ಕೇಳಬಹುದು. ಕಾಲೇಜಿಗೆ ಬರವಣಿಗೆಯಲ್ಲಿ ಕೇಳಿ. ಮುಂದಿನ ಬೆಂಚು, ಲೆಕ್ಚರರ್ ನೋಟ್ಸ್ ಮೊದಲೇ ಕೊಡುವುದು, ಮುಖ್ಯ ತರಗತಿಗಳಿಗೆ ಇಂಟರ್‌ಪ್ರಿಟರ್. ಸರ್ಕಾರದ ಮಾನ್ಯತೆ ಇರುವ ಕಾಲೇಜಾದರೂ ಸಾಕು, ಮೇಲೆ ಹೇಳಿದ 2016ರ ಕಾಯ್ದೆ ಅನ್ವಯಿಸುತ್ತದೆ. ಕೊಡದಿದ್ದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಬರೆಯಬಹುದು. ವಕೀಲರು ಬೇಕಿಲ್ಲ, ಕನ್ನಡದಲ್ಲಿ ಬರೆದರೆ ಸಾಕು. ಆಯುಕ್ತರು ಶಿಫಾರಸು ಮಾಡಿದರೆ ಸಂಬಂಧಪಟ್ಟವರು ಮೂರು ತಿಂಗಳೊಳಗೆ ಏನು ಕ್ರಮ ಕೈಗೊಂಡರು ಎಂದು ತಿಳಿಸಬೇಕು. ಬ್ಯಾಂಕ್ ಒಂದೇ ದಾರಿಯಲ್ಲ ಎನ್ನುವುದೂ ತಿಳಿದಿರಲಿ. ಸನ್ನೆ ಭಾಷೆ ಕಲಿಸುವ ಶಿಕ್ಷಕರಾಗಲು ಕಿವುಡರಿಗೆಂದೇ ಡಿಪ್ಲೊಮಾ ಇದೆ. ನನಗಿಂತ ಆ ಭಾಷೆಯನ್ನು ಚೆನ್ನಾಗಿ ಕಲಿಸುವವರು ಅವರೇ.

ಕೊನೆಗೆ ನೀವು ಕೇಳಿದ ಪ್ರಶ್ನೆ. ತಪ್ಪು ಮಾಡಿದೆನಾ? ಹೌದು, ಅವತ್ತು ತಪ್ಪಾಯಿತು. ‘ಕೈ ಆಡಿಸಬೇಡ’ ಅಂದರೆ ಅವನಿಗೆ ‘ಬಾಯಿ ಮುಚ್ಚು’ ಅಂದ ಹಾಗೆ. ಅದೂ ಬೀಗರ ಎದುರು.

ನಿಮ್ಮ ಮನಸ್ಸಿನಲ್ಲಿದ್ದ ಭಯ ನನಗೆ ಗೊತ್ತು. ‘ಇದು ವಂಶದಲ್ಲಿ ಬರುತ್ತಾ’ ಅಂತ ಕೇಳಿಬಿಡುತ್ತಾರೇನೋ, ಮಗಳ ಸಂಬಂಧ ಮುರಿದುಬೀಳುತ್ತದೇನೋ ಅಂತ. ಕಿವುಡುತನಕ್ಕೆ ಕಾರಣ ಹಲವು. ಕೆಲವು ಸೋಂಕಿನಿಂದ, ಹುಟ್ಟಿದಾಗಿನ ತೀವ್ರ ಕಾಮಾಲೆಯಿಂದ ಬರುತ್ತವೆ. ಕೆಲವು ವಂಶವಾಹಿಯಿಂದ. ವಂಶವಾಹಿಯದ್ದಾದರೂ ಹೆಚ್ಚಿನ ಸಲ ತಂದೆ ತಾಯಿ ಇಬ್ಬರಿಂದಲೂ ಅದೇ ಅಂಶ ಬಂದರೆ ಮಾತ್ರ ಮಗುವಿನಲ್ಲಿ ಕಾಣುತ್ತದೆ. ಒಳಸಂಬಂಧದಲ್ಲಿ ಮದುವೆಯಾದಾಗ ಆ ಸಾಧ್ಯತೆ ಜಾಸ್ತಿ. ಅವರು ಕೇಳಿದರೆ ಮುಚ್ಚುಮರೆ ಬೇಡ. ಜೆನೆಟಿಕ್ ಕೌನ್ಸೆಲಿಂಗ್ ಮಾಡುವ ವೈದ್ಯರನ್ನು ಮಗಳು, ಅಳಿಯ ಇಬ್ಬರೂ ಭೇಟಿ ಮಾಡಬಹುದು. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಮಗಳಿಗೇ ಕಷ್ಟ.

ಮಗನ ಹತ್ತಿರ ಇವತ್ತೇ ಮಾತಾಡಿ. ಅಂಗಡಿಯ ಷಟರ್ ಎಳೆದು, ಲೈಟು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಕೂತು, ನಿಧಾನವಾಗಿ ‘ತಪ್ಪಾಯ್ತು’ ಅನ್ನಿ. ಆಮೇಲೆ ‘ತಪ್ಪಾಯ್ತು’ ಎನ್ನುವುದನ್ನು ಕೈಯಲ್ಲಿ ಹೇಗೆ ಹೇಳುತ್ತಾರೆ ಎಂದು ಅವನನ್ನೇ ಕೇಳಿ, ಅವನು ತೋರಿಸಿದ ಹಾಗೆ ಮಾಡಿ. ನಿಮ್ಮ ಬೆರಳು ಒರಟಾಗಿ ಆಡಿದರೂ ಪರವಾಗಿಲ್ಲ.

ನಿಶ್ಚಿತಾರ್ಥಕ್ಕೆ ಇಂಟರ್‌ಪ್ರಿಟರ್ ಕರೆಸಿ. ಚಿಕ್ಕಪ್ಪನ ಮಗ ಇದ್ದಾನೆ, ಅವನೇ ಹೇಳುತ್ತಾನೆ ಎಂದುಕೊಳ್ಳಬೇಡಿ. ಮನೆಯವರು ಹತ್ತು ಮಾತನ್ನು ಒಂದು ಮಾಡಿ ಹೇಳುತ್ತಾರೆ. ಕಾರ್ಯಕ್ರಮ ಒಂದು ಗಂಟೆಗಿಂತ ಹೆಚ್ಚಾದರೆ ಇಬ್ಬರು ಬೇಕು, ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಕೈಗೂ ತಲೆಗೂ ದಣಿವಾಗುತ್ತದೆ. ಲಗ್ನಪತ್ರಿಕೆ ಓದುವಾಗ ಪುರೋಹಿತರಿಗೆ ಸ್ವಲ್ಪ ನಿಧಾನಕ್ಕೆ ಓದಲು ಹೇಳಿ. ಇಂಟರ್‌ಪ್ರಿಟರ್ ಓದುವವರ ಪಕ್ಕದಲ್ಲೇ ನಿಲ್ಲಲಿ, ಮಗ ಮೊದಲ ಸಾಲಿನಲ್ಲಿ ಕೂರಲಿ. ಸ್ಟೇಜಿನ ಹಿಂದೆ ಹಾಕುವ ಸೀರಿಯಲ್ ಸೆಟ್ ಅವರ ಬೆನ್ನಿಗೆ ಬಂದರೆ ಕೈ ಕಪ್ಪಾಗಿ ಕಾಣುತ್ತದೆ. ಡೆಕೊರೇಷನ್‌ನವರಿಗೆ ಆ ಮೂಲೆಯಲ್ಲಿ ದೀಪ ಬೇಡ, ಎದುರಿನಿಂದ ಒಂದು ಲೈಟು ಬಿಡಿ ಎಂದು ಹಿಂದಿನ ದಿನವೇ ಹೇಳಿಡಿ.